ಚೀಫ್ ಪ್ರೂಯಿಟ್ ಸೆಲ್ಯೂಟಿನ ತಾಲೀಮು ಮಾಡುತ್ತಾನೆ

ಅಲಬಾಮಾದ ಈ ಮೋಟೆಲಿನ ಕನ್ನಡಿ ನನಗಿಂತ ಗಿಡ್ಡ.
ಬಗ್ಗಿ ನೋಡಿಕೊಳ್ಳಬೇಕು ಟೋಪಿಯ ಅಂಚು, ಬೆರಳಿನ ತುದಿ.
ಇಪ್ಪತ್ತೊಂದು ವರ್ಷ ಎತ್ತಿದ ಕೈ ಇದು,
ಬಂದರಿನ ಬಿಸಿಲಲ್ಲಿ, ಗೋರಿಗಳ ಪಕ್ಕದಲ್ಲಿ,
ಮೀಸೆ ಬಲಿಯದ ಲೆಫ್ಟಿನೆಂಟುಗಳ ಮುಂದೆ.
ಎಂದೂ ತಾಲೀಮು ಬೇಕಾಗಿರಲಿಲ್ಲ.

ನಾಳೆ ಹತ್ತು ಗಂಟೆಗೆ, ವೆರ್ನಾ ಟಾಲ್ಬರ್ಟ್,
ನಿನಗೆ...
ತಪ್ಪಾಯಿತು. ನಿಮಗೆ.

ನೀನು ಹಡಗಿಗೆ ಬಂದಾಗ ಹತ್ತೊಂಬತ್ತು. ಯಾಜೂ ನದಿಯ ಕಡೆಯವಳು.
ಮೊದಲ ವಾರವೇ ಪಂಪಿನ ವಾಲ್ವು ತಿರುವುಮುರುವಾಗಿ ಜೋಡಿಸಿ
ಕೊಳಕು ನೀರಲ್ಲಿ ಮೊಣಕಾಲುದ್ದ ನಿಂತು
ನಗುತ್ತಿದ್ದೆ. ನಾನು ಬೈದೆ. ಏನೆಂದು ಬೈದೆನೋ
ನಾಳೆ ನಿಮ್ಮ ತಾಯಿಯ ಮುಂದೆ ಯಾರೂ ಕೇಳದಿರಲಿ.

ಆ ಯಾನದಲ್ಲಿ ನಮ್ಮ ಜೊತೆ ಒಬ್ಬ ಗಣಿತದ ಮೇಷ್ಟ್ರಿದ್ದರು,
ವಾಂತಿಯ ಚೀಲ ಜೇಬಲ್ಲಿಟ್ಟುಕೊಂಡೇ ಆಲ್ಜೀಬ್ರಾ ಹೇಳುವ ಮುದುಕ.
ಊಟದ ಮೇಜೇ ತರಗತಿ.
ಕೆಚಪ್ ಬಾಟಲಿ ಇತ್ತ ಜಾರಿದರೆ ಎಕ್ಸ್, ಅತ್ತ ಜಾರಿದರೆ ವೈ.
ಹೆಸರು ಕೊಟ್ಟವರು ಹನ್ನೊಂದು ಮಂದಿ,
ಏಡನ್ ಕೊಲ್ಲಿ ದಾಟುವಾಗ ಉಳಿದವರು ಮೂವರು.
ಕಬ್ಬಿಣದ ಕಡಲೆ, ಚೀಫ್, ಅಂದೆ ನೀನು.
ಅಗಿ, ಅಂದೆ ನಾನು. ಕಬ್ಬಿಣದ ಹೊಟ್ಟೆಯೊಳಗೇ ಬದುಕುವವರು,
ಹಲ್ಲಿಗೆ ಇಷ್ಟೂ ಅಭ್ಯಾಸವಿಲ್ಲವೆ?

ರಾತ್ರಿ ಪಾಳಿ ಮುಗಿಸಿ ಲಾಂಡ್ರಿ ಕೋಣೆಯಲ್ಲಿ ನೀನು ಓದುತ್ತಿದ್ದೆ,
ಡ್ರೈಯರಿನ ಮೇಲೆ ಪುಸ್ತಕ, ಅಕ್ಷರವೆಲ್ಲ ಗಡಗಡ.
ಸೈನು, ಕೊಸೈನು. ನನಗೆ ಗೊತ್ತಿದ್ದದ್ದು ಅರ್ಧ;
ಉಳಿದರ್ಧಕ್ಕೆ ಗೊತ್ತಿರುವವನ ಮುಖ ಮಾಡಿಕೊಂಡು ಕೂತಿದ್ದೆ.

ಮೊದಲ ಸಲ ಪತ್ರ ಬಂತು: ಈ ವರ್ಷ ಆಯ್ಕೆಯಾಗಿಲ್ಲ.
ನೀನದನ್ನು ನಾಲ್ಕಾಗಿ ಮಡಚಿ
ಅಲುಗಾಡುವ ಲಾಕರಿನ ಬಾಗಿಲ ಸಂದಿಗೆ ಸಿಕ್ಕಿಸಿದೆ.
ಬಾಗಿಲಿನ ಸದ್ದು ನಿಂತಿತು.
ಅಷ್ಟಕ್ಕಾದರೂ ಬಂತಲ್ಲ, ಅಂದೆ.

ಎರಡನೆಯ ಸಲ ನಿನ್ನ ಶಿಫಾರಸು ಬರೆಯಲು ಕೂತು
ಮಾದರಿಗೆಂದು ನನ್ನ ಕೆಳಗಿನ ಡ್ರಾಯರು ಎಳೆದೆ.
ಅಲ್ಲೊಂದು ಹಳದಿ ಕಡತ. ಹೆಸರು: ಆಸ್ವಾಲ್ಡ್ ಪ್ರೂಯಿಟ್.
ಹುಟ್ಟಿದ ದಿನ ಸರಿ, ಎತ್ತರ ಸರಿ, ಹೈಸ್ಕೂಲಿನ ಅಂಕ ಪರವಾಗಿಲ್ಲ.
'ನೀವು ಅಧಿಕಾರಿಯಾಗಬಯಸುವುದು ಏಕೆ' ಎಂಬ ಖಾಲಿ ಪುಟದಲ್ಲಿ
ಕಾಫಿ ಲೋಟದ ಒಂದು ಉಂಗುರ.
ಯಾರನ್ನೂ ದೂರುವುದಿಲ್ಲ. ಆ ವರ್ಷ ಮಗ ಹುಟ್ಟಿದ.
ಮರುವರ್ಷ ಹಡಗಿಗೆ ರಿಪೇರಿ.
ವಯಸ್ಸಿನ ಗೆರೆ, ಧೂಳು ಕೂರುವಷ್ಟೇ ಮೆಲ್ಲಗೆ, ದಾಟಿಹೋಗಿತ್ತು.

ಕ್ಯಾಂಪಸ್ಸಿನಿಂದ ನೀನು ಬರೆದೆ:
ಹದಿನೆಂಟರ ಹುಡುಗರ ನಡುವೆ ನಾನೊಬ್ಬಳೇ ಇಪ್ಪತ್ತಮೂರು,
ಅಲಾರಂ ಇಲ್ಲದೆ ಏಳುವವಳೂ ನಾನೊಬ್ಬಳೇ.
ಪ್ರೊಫೆಸರು ಬೋರ್ಡಿನ ಮೇಲೆ ಟರ್ಬೈನು ಬರೆದರು, ಚೀಫ್,
ಎಷ್ಟು ಚೆಂದ! ಎಲ್ಲೂ ಸೋರುವುದೇ ಇಲ್ಲ.

ಮತ್ತೊಮ್ಮೆ. ಬೆನ್ನು ನೇರ. ಗದ್ದ ಮೇಲೆ.
ಗುಡ್ ಮಾರ್ನಿಂಗ್, ಮ್ಯಾಮ್. ಅಭಿನಂದನೆ, ಮ್ಯಾಮ್.
ಮೊದಲ ಸೆಲ್ಯೂಟು ಕೊಟ್ಟವನಿಗೆ ಬೆಳ್ಳಿ ಡಾಲರು ಕೊಡುವುದು ರೂಢಿ.
ಕೊಡಿ. ಬೇಡವೆನ್ನುವುದಿಲ್ಲ.
ಮುಂದೊಂದು ದಿನ ಯಾವುದೋ ಹಡಗಿನ ಎಂಜಿನ್ ಕೋಣೆಗೆ ನೀವು ಇಳಿದಾಗ
ಹತ್ತೊಂಬತ್ತರ ಒಬ್ಬ ವಾಲ್ವು ತಿರುವುಮುರುವಾಗಿ ಜೋಡಿಸಿ ನಿಂತಿರುತ್ತಾನೆ,
ಅವನ ಚೀಫ್ ಬೈಯುತ್ತಿರುತ್ತಾನೆ.
ಅಂಥ ಹೊತ್ತಲ್ಲಿ ಅಧಿಕಾರಿಗಳು
ಕಿವಿ ಕೇಳದವರ ಹಾಗೆ ನಡೆದುಹೋಗಬೇಕು.
ನೀವು ನಡೆದುಹೋಗಿ.

ನೀನು ಮಾತ್ರ
ಅವನ ಜೇಬಲ್ಲಿ ಪುಸ್ತಕ ಇದೆಯೋ ನೋಡು.